ಪಾತಾಳಗರಡಿ

ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದಾಗ ನಮ್ಮ ಟೀಮಿನ ಹಿರಿಯ ಟೆಸ್ಟರ್ ಒಬ್ಬರು ಮನೆಗೆ ಊಟಕ್ಕೆ ಕರೆದಿದ್ದರು. ಅರವತ್ತು ದಾಟಿದ ಅಮೆರಿಕನ್. ಅವರ ಶೋಕೇಸಿನಲ್ಲಿ ಒಂದು ಬಿಳಿ ಪಿಂಗಾಣಿ ಕಪ್ಪು. ಹಿಡಿ ಇಲ್ಲ, ಅಂಚು ಸವೆದಿದೆ, ಮೈಮೇಲೆ 'ಇಟಾಲಿಯಾ' ಅಂತ ಬರಹ. ನಮ್ಮೂರ ಹೋಟೆಲಲ್ಲಿ ಇಂಥ ಕಪ್ಪಲ್ಲಿ ಟೀ ಕೊಟ್ಟರೆ ಬೇರೆ ಕೊಡಪ್ಪಾ ಅಂತೀವಿ. "ಇದಕ್ಕೋಸ್ಕರ ಸಮುದ್ರದೊಳಗೆ ಎಪ್ಪತ್ತು ಮೀಟರ್ ಇಳಿದಿದ್ದೆ" ಅಂದರು.

ಅದು ಆಂಡ್ರಿಯಾ ಡೋರಿಯಾ ಹಡಗಿನ ಕಪ್ಪು. ಇಟಲಿಯ ಹೆಮ್ಮೆಯ ಪ್ರಯಾಣಿಕ ಹಡಗು. 1956ರ ಜುಲೈ 25ರ ರಾತ್ರಿ ಅಮೆರಿಕದ ನ್ಯಾಂಟಕೆಟ್ ದ್ವೀಪದ ಆಚೆ, ದಟ್ಟ ಮಂಜಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಹಡಗು ಇದರ ಪಕ್ಕೆಗೆ ಗುದ್ದಿತು. ಎರಡರಲ್ಲೂ ರೇಡಾರ್ ಇತ್ತು. ಒಬ್ಬರನ್ನೊಬ್ಬರು ಪರದೆ ಮೇಲೆ ನೋಡಿಯೂ ಇದ್ದರು, ಅರ್ಥ ಮಾಡಿಕೊಂಡದ್ದು ಮಾತ್ರ ಬೇರೆ ಬೇರೆ ಥರ. (ಡ್ಯಾಶ್‌ಬೋರ್ಡ್ ನೋಡ್ತಾ ಇದ್ದಹಾಗೇ ಸರ್ವರ್ ಮಲಗಿದ್ದನ್ನು ಕಂಡ ನಮ್ಮಂಥವರಿಗೆ ಇದೇನೂ ಹೊಸದಲ್ಲ ಬಿಡಿ.) ಹನ್ನೊಂದು ಗಂಟೆ ತೇಲಿ, ಮರುದಿನ ಬೆಳಿಗ್ಗೆ ಮುಳುಗಿತು. ಎರಡೂ ಹಡಗು ಸೇರಿ 51 ಜನ ಸತ್ತರು, ಸಾವಿರಾರು ಜನ ಉಳಿದರು.

ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಕೆಳಗೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹೋಗುವ ಮಾತೇ ಇಲ್ಲ. ಡೋರಿಯಾ ಮಲಗಿರುವುದು ಹೆಚ್ಚುಕಮ್ಮಿ 75 ಮೀಟರಿನಲ್ಲಿ. ಕಷ್ಟಪಟ್ಟರೆ ಕೈಗೆ ಸಿಗುವ ಆಳ. ತೊಂದರೆ ಶುರುವಾಗೋದೇ ಅಲ್ಲಿಂದ. ಡೈವರುಗಳು ಅದಕ್ಕೆ ಇಟ್ಟ ಹೆಸರು 'ಮುಳುಗುವವರ ಎವರೆಸ್ಟ್'. ಹದಿನೈದಕ್ಕೂ ಹೆಚ್ಚು ಡೈವರುಗಳು ಅಲ್ಲಿ ಪ್ರಾಣ ಬಿಟ್ಟಿದ್ದಾರೆ. 1998 ಮತ್ತು 1999ರ ಎರಡು ಬೇಸಿಗೆಗಳಲ್ಲೇ ಐದು ಜನ.

ಲೆಕ್ಕ ಸರಳ. ನೀರಲ್ಲಿ ಹತ್ತು ಮೀಟರ್ ಇಳಿದ ಹಾಗೆಲ್ಲ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತೆ. ಎಪ್ಪತ್ತರಲ್ಲಿ ಎಂಟು ಪಟ್ಟು. ಮೇಲೆ ಎಂಟು ಉಸಿರಿಗೆ ಬರುವ ಗಾಳಿ ಅಲ್ಲಿ ಒಂದೇ ಉಸಿರಿಗೆ ಮುಗಿಯಿತು. ಮಾಮೂಲಿ ಗಾಳಿಯನ್ನೇ ಒಯ್ದರೆ ಅದರೊಳಗಿನ ನೈಟ್ರೋಜನ್ ಹೆಂಡದ ಹಾಗೆ ತಲೆಗೇರುತ್ತೆ, ಪ್ರಾಣ ಕಾಯುವ ಆಕ್ಸಿಜನ್ನೇ ವಿಷವಾಗಿ ಫಿಟ್ಸ್ ಬರಿಸಬಹುದು. ಅದಕ್ಕೇ ಈಗ ಹೀಲಿಯಂ ಬೆರೆಸಿದ ಗಾಳಿ ಒಯ್ಯುತ್ತಾರೆ. ಕೆಳಗೆ ಇಪ್ಪತ್ತು ನಿಮಿಷ ಕಳೆದರೆ ಮೇಲೆ ಬರೋದಕ್ಕೆ ಗಂಟೆಗೂ ಜಾಸ್ತಿ ಬೇಕು. ಆ ತಣ್ಣೀರಲ್ಲಿ ಲಂಗರಿನ ಹಗ್ಗ ಹಿಡಿದು, ಮಜಲು ಮಜಲಾಗಿ ನಿಂತು ಬರಬೇಕು. ಹೆದರಿ ಸೀದಾ ಮೇಲೆ ಬಂದರೆ ಗೋಲಿ ಸೋಡಾ ಒಡೆದ ಹಾಗೆ ರಕ್ತದಲ್ಲೇ ಗುಳ್ಳೆ ಏಳುತ್ತೆ.

ಇಷ್ಟು ಸಾಲದು ಅಂತ ಹಡಗು ಬಲಮಗ್ಗುಲಿಗೆ ಬಿದ್ದಿದೆ. ಅಡ್ಡ ಓಡುತ್ತಿದ್ದ ಓಣಿಗಳು ಈಗ ಬಾವಿಗಳು, ಗೋಡೆಯೇ ನೆಲ. ಕಿತ್ತುಬಂದ ವೈರುಗಳು ಬಿಳಲಿನ ಹಾಗೆ ಜೋತಿವೆ. ಕಾಲು ಒಂದು ಸಲ ಬೀಸಿದರೆ ಹೂಳೆದ್ದು, ಬಂದ ಬಾಗಿಲೇ ಕಾಣಲ್ಲ. ಒಳಗೆ ಹೋಗಿ ದಾರಿ ತಪ್ಪಿದವನಿಗೆ ಗಾಳಿ ಕಾಯಲ್ಲ.

"ಕೆಳಗೆ ಏನೇನು ನೋಡಿದಿರಿ?" ಅಂತ ಆಸೆಯಿಂದ ಕೇಳಿದೆ.

"ನೆನಪಿಲ್ಲ" ಅಂದರು. ತೊಂಬತ್ತರ ದಶಕದ ಶುರುವಿನಲ್ಲಿ, ಮಾಮೂಲಿ ಗಾಳಿಯಲ್ಲೇ ಇಳಿದಿದ್ದರಂತೆ. ಹಗ್ಗ ನೆನಪಿದೆ, ಹಸಿರು ಕತ್ತಲು ನೆನಪಿದೆ. ಆಮೇಲೆ ಅಮಲು. ಮೇಲೆ ಬಂದಾಗ ಚೀಲದಲ್ಲಿ ಕಪ್ಪಿತ್ತು. "ನಾನು ಹೋಗಿದ್ದೆ ಅನ್ನೋದಕ್ಕೆ ಇದೊಂದೇ ಸಾಕ್ಷಿ, ನನಗೂ ಸೇರಿಸಿ."

ನನಗೆ ನಗು ಬರಲಿಲ್ಲ. ಯಾಕೆ ಅಂದರೆ ತಿಪಟೂರು ಕಡೆ ನಮ್ಮ ತೋಟದ ಬಾವಿಯಲ್ಲಿ ನಾವೂ ಇದನ್ನೇ ಮಾಡ್ತಿದ್ದೆವು. ಬೆಂಡು ಕಟ್ಟಿಕೊಂಡು ಈಜು ಕಲಿತಾದ ಮೇಲೆ, ಡೈ ಹೊಡೆದು ತಳ ಮುಟ್ಟಿ ಹಿಡಿ ಕೆಸರು ತಂದು ತೋರಿಸಬೇಕು. ಕೆಸರಿಲ್ಲದೆ ಬಂದವನು ಮುಟ್ಟಿಯೇ ಇಲ್ಲ ಅಂತ ಲೆಕ್ಕ.

ಹದಿಮೂರರಲ್ಲಿದ್ದಾಗ ಅಮ್ಮನ ಹಿತ್ತಾಳೆ ಚೊಂಬು ಬಾವಿಗೆ ಬಿತ್ತು. ಪಾತಾಳಗರಡಿ ಇದ್ದದ್ದು ಊರಿಗೆಲ್ಲ ಒಂದೇ ಮನೆಯಲ್ಲಿ, ಅವತ್ತು ಆ ಮನೆಗೆ ಬೀಗ. ನಾನೇ ತರ್ತೀನಿ ಅಂತ ಹಾರಿದೆ. ಚೊಂಬು ಸಿಕ್ಕಿತು. ತಿರುಗುವಾಗ ಯಾವ ಕಾಲದಲ್ಲೋ ಬಿಂದಿಗೆ ಜೊತೆ ಬಿದ್ದಿದ್ದ ಹಗ್ಗ ಪಾದಕ್ಕೆ ಸುತ್ತಿಕೊಂಡಿತು. ಬಿಡಿಸಲು ಎರಡು ಕೈ ಬೇಕಿತ್ತು, ನನ್ನ ಒಂದು ಕೈಯಲ್ಲಿ ಚೊಂಬಿತ್ತು. ಬಿಡಬಹುದಿತ್ತು. ಬಿಡಲಿಲ್ಲ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಮಾವ ಹಾರಿ ಎಳೆದು ತಂದಾಗಲೂ ಅದು ಕೈಯಲ್ಲೇ ಇತ್ತಂತೆ. ಅಮ್ಮ ಬೆನ್ನಿಗೆ ಎರಡು ಬಿಟ್ಟು, "ಚೊಂಬಿಗಾದ್ರೆ ಗರಡಿ ಹಾಕ್ತಿದ್ವಿ ಕಣೋ, ನಿಂಗೇನೋ ಹಾಕೋದು?" ಅಂತ ಅತ್ತಿದ್ದಳು.

ಡೋರಿಯಾಕ್ಕೆ ದೊಡ್ಡ ಗರಡಿ ಹಾಕಿದವನೂ ಒಬ್ಬನಿದ್ದ, ಪೀಟರ್ ಗಿಂಬೆಲ್. ಹಡಗು ಮುಳುಗಿದ ಬೆನ್ನಲ್ಲೇ ಇಳಿದು ಫೋಟೋ ತೆಗೆದವನು. ಕಾಲು ಶತಮಾನ ಕಳೆದರೂ ಅವನಿಗೆ ಅದೇ ಗೀಳು. 1981ರಲ್ಲಿ ಒಂದು ತಿಜೋರಿಯನ್ನೇ ಮೇಲೆತ್ತಿಸಿದ. ಅದನ್ನು ನ್ಯೂಯಾರ್ಕಿನ ಅಕ್ವೇರಿಯಮ್ಮಿನಲ್ಲಿ ಶಾರ್ಕ್‌ಗಳಿದ್ದ ನೀರಿನ ತೊಟ್ಟಿಯಲ್ಲಿಟ್ಟರು. 1984ರಲ್ಲಿ ಟೀವಿಯಲ್ಲಿ ನೇರಪ್ರಸಾರ ಮಾಡುತ್ತಾ ಬಾಗಿಲು ತೆಗೆದರು. ಒಡವೆ, ವಜ್ರ ಅಂತ ಕಾದವರಿಗೆ ಸಿಕ್ಕಿದ್ದು ಒದ್ದೆ ನೋಟುಗಳು ಮತ್ತು ಟ್ರಾವೆಲರ್ಸ್ ಚೆಕ್ಕು.

ಕಳೆದ ವರ್ಷ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗಿದ್ದೆ. ಅವತ್ತಿಗೆ 15 ಮೀಟರ್ ಮಿತಿ ಅಂತ ಇನ್‌ಸ್ಟ್ರಕ್ಟರ್ ಮೊದಲೇ ಹೇಳಿದ್ದ. 14ರಲ್ಲಿ ಬಂಡೆಯ ಸಂದಿಯಲ್ಲಿ ಏನೋ ಹೊಳೆಯಿತು, ಇನ್ನೂ ಸ್ವಲ್ಪ ಕೆಳಗೆ. ಬಾಟಲಿ ಮುಚ್ಚಳ ಇರಬೇಕು. ನನ್ನ ಕಾಲು ತಾನಾಗಿ ಆ ಕಡೆ ಬೀಸಿತು. ಅವನು ಹಿಂದಿನಿಂದ ಫಿನ್ ಹಿಡಿದು ಎಳೆದ. ದೋಣಿ ಹತ್ತಿದ ಮೇಲೆ ಅವನು ಬೈಯಲಿಲ್ಲ, ಟೀ ಕೊಟ್ಟ. ಮನೆಯಲ್ಲಿ ಹೆಂಡತಿಗೆ ಮೀನುಗಳ ಬಗ್ಗೆ ಮಾತ್ರ ಹೇಳಿದೆ. ಆಳದ ಡೈವಿಂಗ್ ಕೋರ್ಸಿಗೆ ಎಷ್ಟಾಗುತ್ತೆ ಅಂತ ಅವನನ್ನು ಕೇಳಿದ್ದೆ, ಅದನ್ನು ಹೇಳಲಿಲ್ಲ.

ಹೋದ ಬೇಸಿಗೆ ಊರಿಗೆ ಹೋದಾಗ ಬಾವಿ ಪೂರ್ತಿ ಬತ್ತಿತ್ತು. ಸುತ್ತಲೂ ಬೋರ್‌ವೆಲ್ ಆದ ಮೇಲೆ ಅದರ ಕಥೆ ಅಷ್ಟೇ. ಕಟ್ಟೆ ಹಿಡಿದು ಬಗ್ಗಿ ನೋಡಿದೆ. ಬಿರಿದ ಕೆಸರಲ್ಲಿ ಎರಡು ಪ್ಲಾಸ್ಟಿಕ್ ಕೊಡ, ಒಂದು ಹವಾಯಿ ಚಪ್ಪಲಿ, ಅರ್ಧ ಹೂತ ಹಗ್ಗ. "ಬಗ್ಗಬೇಡ್ವೋ!" ಅಂತ ಅಮ್ಮ ಅಡಿಗೆಮನೆ ಕಿಟಕಿಯಿಂದಲೇ ಕೂಗಿದಳು.