ಸನ್‌ಅಪ್ ಮೇಲೆ ಎರಡು ಡಾಲರ್

ಬಾಜಿ ಕಟ್ಟುವ ಕಿಟಕಿಗೆ ಇನ್ನು ನಾಲ್ಕೇ ಹೆಜ್ಜೆ. ಕೈಯಲ್ಲಿ ದುಡ್ಡು, ಬಾಯಲ್ಲಿ ಚುಟ್ಟ, ತಲೆಯಲ್ಲಿ ಒಂದೇ ಕುದುರೆಯ ಹೆಸರು: ಸನ್‌ಅಪ್. ಈ ಗಳಿಗೆಗೆ ನೀವೇ ಡಾಕ್ಟರ್ ಹ್ಯಾಕನ್‌ಬುಷ್. ಜನರ ಕಣ್ಣಿಗೆ ಸ್ಯಾನಿಟೋರಿಯಂನ ಮುಖ್ಯಸ್ಥ, ಅಸಲಿಗೆ ಕುದುರೆ ಡಾಕ್ಟರ್. ಆ ಗುಟ್ಟು ಎಲ್ಲಿ ರಟ್ಟಾಗುತ್ತದೋ ಎಂಬ ಅಳುಕು ಎದೆಯಲ್ಲಿ ಕೂತೇ ಇದೆ.

ಬೆನ್ನ ಹಿಂದೆ ಐಸ್‌ಕ್ರೀಮ್ ಗಾಡಿಯ ಚಕ್ರದ ಸದ್ದು. ಲದ್ದಿಯ ವಾಸನೆಯ ನಡುವೆ ಸಕ್ಕರೆಯ ತಣ್ಣನೆಯ ಘಮ. ಗಾಡಿ ತಳ್ಳುವ ಟೋನಿ ಕಿವಿಯ ಹತ್ತಿರವೇ ಬರುತ್ತಾನೆ. ಆ ಕುದುರೆ ಬೇಡ ಬಾಸ್, ನನ್ನ ಹತ್ತಿರ ಒಳ್ಳೆ ಟಿಪ್ಸ್ ಇದೆ, ಒಂದೇ ಡಾಲರ್.

ಕೊಡುತ್ತೀರಿ. ಚೀಟಿ ಬಿಡಿಸಿದರೆ ಎಷ್ಟು ಕೂಡಿಸಿ ಓದಿದರೂ ಮಾತಾಗದ ಅಕ್ಷರಗಳು. ಅರ್ಥ ತಿಳಿಯಲು ಸಂಕೇತದ ಪುಸ್ತಕ ಬೇಕು. ಪುಸ್ತಕ ಬಿಟ್ಟಿಯಂತೆ, ಅಚ್ಚಿನ ಖರ್ಚು ಮಾತ್ರ ಒಂದು ಡಾಲರ್! ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಮೊದಲು ಕೊಟ್ಟದ್ದು ನೀರುಪಾಲು. ಜೇಬಿಗೆ ಮತ್ತೆ ಕೈ ಹೋಗುತ್ತದೆ. ಆ ಪುಸ್ತಕಕ್ಕೆ ಇನ್ನೊಂದು ಪುಸ್ತಕ, ಅದಕ್ಕೆ ಮತ್ತೊಂದು. ಕಂಕುಳಲ್ಲಿ, ಮೊಣಕಾಲ ಸಂದಿಯಲ್ಲಿ ಪುಸ್ತಕ. ತೋಳು ಸೋಲುತ್ತಿದೆ, ಒಂದು ಜಾರಿದರೆ ಎಲ್ಲವೂ ಜಾರುತ್ತವೆ.

1937ರ 'ಎ ಡೇ ಅಟ್ ದಿ ರೇಸಸ್' ಚಿತ್ರದ ದೃಶ್ಯವಿದು. ನೀವು ಗ್ರೌಚೋ ಮಾರ್ಕ್ಸ್, ಟೋನಿ ಆತನ ಅಣ್ಣ ಚೀಕೋ. ಎಂಜಿಎಂ ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್ ಕ್ಯಾಮೆರಾ ತಿರುಗುವ ಮೊದಲೇ, 1936ರ ಬೇಸಿಗೆಯಲ್ಲಿ, ಈ ಸೋದರರನ್ನು ಡುಲುತ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ನಾಟಕದ ಕಂಪನಿಯಂತೆ ತಿರುಗಿಸಿದರು. ಜನ ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು ಎಂದು ತೂಗಿ ನೋಡಿಯೇ ಹಾಸ್ಯವನ್ನು ಬಿಗಿ ಮಾಡಿಕೊಂಡರು. ನಗಿಸುವ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಕಡಿಮೆ.

ಓಡಿ! ಪುಸ್ತಕ ಜಾರುತ್ತಿದೆ, ಚುಟ್ಟ ಕಚ್ಚಿ ಹಿಡಿಯಿರಿ, ಕಿಟಕಿ ಬಂತು. ಟೋನಿ ಹೇಳಿದ ಕುದುರೆಯ ಹೆಸರು ಹೇಳುತ್ತೀರಿ.

ರೇಸ್ ಮುಗಿದಿದೆ. ಗೆದ್ದದ್ದು ಸನ್‌ಅಪ್. ನಿಮ್ಮದೇ ದುಡ್ಡನ್ನು ಅದರ ಮೇಲೆ ಕಟ್ಟಿದ ಟೋನಿ ಗೆದ್ದ ಹಣ ಎಣಿಸಿಕೊಂಡು ಹೊರಟಿದ್ದಾನೆ.

ಗಾಡಿಯ ಮುಚ್ಚಳ ತೆಗೆದು ಪುಸ್ತಕಗಳನ್ನೆಲ್ಲ ಒಳಗೆ ಸುರಿಯುತ್ತೀರಿ. ಗಾಡಿ ತಳ್ಳಿಕೊಂಡು, ಅವನದೇ ರಾಗದಲ್ಲಿ ಐಸ್‌ಕ್ರೀಮ್ ಎಂದು ಕೂಗುತ್ತೀರಿ. ಚಿತ್ರಮಂದಿರ ನಕ್ಕು ನಕ್ಕು ಸುಸ್ತಾಗುತ್ತದೆ.

ಆ ನಗು ಥಾಲ್ಬರ್ಗ್ ಕಿವಿಗೆ ಬೀಳಲಿಲ್ಲ. ಚಿತ್ರೀಕರಣ ಶುರುವಾದ ಕೆಲವೇ ದಿನಗಳಲ್ಲಿ, 1936ರ ಸೆಪ್ಟೆಂಬರ್ 14ರಂದು, ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 37 ವರ್ಷ.