ಕೂನೂರು ನಿಲ್ದಾಣದಲ್ಲಿ

ವಯನಾಡಿನ ನಮಗೆ ಊರಲ್ಲಿ ರೈಲಿಲ್ಲ. ಕಾಫಿ, ಮೆಣಸು ಎಲ್ಲ ಲಾರಿಯಲ್ಲೇ ಹೋಗಬೇಕು. ಮೊಮ್ಮಕ್ಕಳ ಹಟಕ್ಕೆ ಮಣಿದು ನಾವು ಕುಟುಂಬ ಸಮೇತ ಮೆಟ್ಟುಪಾಳ್ಯಂಗೆ ಹೋಗಿ ಬೆಳಗಿನ ನೀಲಗಿರಿ ರೈಲು ಹತ್ತಿದೆವು.

ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಕಂಬಿಯಿದೆ. ಹಿಂದಿನಿಂದ ತಳ್ಳುವ ಆವಿ ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಏರುತ್ತದೆ. ಬಸ್ಸಾದರೆ ಇಷ್ಟು ಹೊತ್ತು ಬೇಡವಲ್ಲ ಎಂದು ನಮ್ಮ ವ್ಯಾಪಾರಿ ಬುದ್ಧಿ ಲೆಕ್ಕ ಹಾಕುತ್ತಲೇ ಇತ್ತು.

ಕೂನೂರಿನಲ್ಲಿ ಆವಿ ಎಂಜಿನ್ ಬಿಚ್ಚಿ ಡೀಸೆಲ್ ಎಂಜಿನ್ ಕಟ್ಟುತ್ತಾರೆ. ಅಷ್ಟರಲ್ಲಿ ಬುತ್ತಿ ಬಿಚ್ಚಿ ತಿಂಡಿ ಮುಗಿಸಿದೆವು. ಹೊರಟ ಗಾಡಿ ಮೊದಲು ಹಿಂದಕ್ಕೆ ಸರಿಯಿತು. “ಅಜ್ಜಾ, ವಾಪಸ್ ಹೋಗ್ತಿದೀವಾ?” ಎಂದು ಕಿರಿಯವಳು ಗಾಬರಿಯಾದಳು. ಸಂಗತಿ ಇಷ್ಟೆ: 1899ರಲ್ಲಿ ಈ ದಾರಿ ತೆರೆದಾಗ ಕೂನೂರೇ ಕೊನೆಯ ನಿಲ್ದಾಣ. ಊಟಿಗೆ ಹಳಿ ಮುಟ್ಟಿದ್ದು 1908ರಲ್ಲಿ. ಅಂದಿನ ಕೊನೆ ಹಾಗೇ ಉಳಿದಿರುವುದರಿಂದ ಗಾಡಿ ಇಂದಿಗೂ ಸ್ವಲ್ಪ ಹಿಂದೆ ಬಂದು ಊಟಿ ಹಾದಿ ಹಿಡಿಯಬೇಕು.

2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಗಾಡಿ ಓಡುತ್ತದೆಯೇ? ಸ್ವಿಟ್ಜರ್ಲೆಂಡಿನಿಂದ ಬಂದ ಎಂಜಿನ್ನುಗಳು ಮುದಿಯಾದಾಗ ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಅದೇ ಮಾದರಿಯ ಹೊಸದನ್ನು ಕಟ್ಟಿದರು. ಮಳೆಗೆ ಗುಡ್ಡ ಕುಸಿದಾಗಲೆಲ್ಲ ಮಣ್ಣು ತೆಗೆದು ಮತ್ತೆ ಓಡಿಸುತ್ತಾರೆ. ನಾವಾಗಿದ್ದರೆ ಎಂದೋ ಮುಚ್ಚುತ್ತಿದ್ದೆವು, ಸುಳ್ಳೇಕೆ?

ನಮ್ಮ ತಂದೆಯವರ ಹಳೇ ಅಂಗಡಿಯನ್ನು ಲಾಭನಷ್ಟ ನೋಡಿಯೇ ಕೆಡವಿಸಿದೆವು. ಅವರ ದೊಡ್ಡ ತಕ್ಕಡಿ ಗುಜರಿಗೆ ಹೋಯಿತು. ಅದು ಹೇಗಿತ್ತೆಂದು ಕಿರಿಯವಳು ರೈಲಿನಲ್ಲಿ ಕೇಳಿದಾಗ, ಎರಡೂ ಕೈ ಚಾಚಿ ಗಾಳಿಯಲ್ಲೇ ತೋರಿಸಿದೆವು.