ಸಕಾಕವೀಯ ಸರೋವರದಲ್ಲಿ ಗಾಳ ಹಿಡಿದು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು, "ನಯಾಗರ ನೋಡಿದಿರಾ?" ಅಂತ. ನಾನು ನೋಡಲಿಲ್ಲ. ನನ್ನ ಮಗಳ ಸಂಸಾರ ಇರುವುದು ನಾರ್ತ್ ಡಕೋಟ ರಾಜ್ಯದ ಮೈನಾಟ್ ಎಂಬ ಊರಿನಲ್ಲಿ. ಕೆನಡಾದ ಗಡಿಗೆ ಸಮೀಪ, ನ್ಯೂಯಾರ್ಕಿಗೆ ಬಹು ದೂರ. ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಮಾತೇ ಬೇಡ, ಕೆರೆಗಳೆಲ್ಲ ಕಲ್ಲಾಗಿಬಿಡುತ್ತವೆ. ಬೇಸಿಗೆಯಲ್ಲಿ ಮಾತ್ರ ಕಣ್ಣು ಹಾಯಿಸಿದಷ್ಟೂ ಗೋಧಿ, ಸೂರ್ಯಕಾಂತಿ, ಹಳದಿ ಹೂವಿನ ಕೆನೋಲ. ರಾತ್ರಿ ಒಂಬತ್ತೂವರೆಯಾದರೂ ಬೆಳಕು. "ಇಲ್ಲಿ ನೋಡುವಂಥಾದ್ದು ಏನಿದೆ?" ಎಂದು ಕೇಳಿದರೆ ಆ ಊರಿನವರದು ಒಂದೇ ಉತ್ತರ: "ಸರೋವರಕ್ಕೆ ಹೋಗಿ, ವಾಲ್‌ಐ ಹಿಡಿಯಿರಿ."

ವಾಲ್‌ಐ ಎಂದರೆ ಒಂದು ಸಿಹಿನೀರಿನ ಮೀನು. ಮೈ ಚಿನ್ನದ ಬಣ್ಣ ಕಲೆಸಿದ ಹಸಿರು, ಬಾಲದ ಕೆಳತುದಿಗೆ ಸುಣ್ಣ ಹಚ್ಚಿದಂಥ ಬಿಳಿ ಚುಕ್ಕೆ, ಬಾಯಿ ತುಂಬ ಚೂಪು ಹಲ್ಲು. ಕಣ್ಣಂತೂ ದೊಡ್ಡ ಗಾಜಿನ ಗೋಲಿ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಒಂದು ಪದರ ಇದೆಯಂತೆ, ನಮ್ಮ ಮನೆ ಬೆಕ್ಕಿಗೆ ಇರುವ ಹಾಗೆ. ಆದ್ದರಿಂದ ಮಬ್ಬು ಬೆಳಕಿನಲ್ಲಿ, ಕದಡಿದ ನೀರಿನಲ್ಲಿ ಅದಕ್ಕೆ ಬೇರೆ ಮೀನುಗಳಿಗಿಂತ ಚೆನ್ನಾಗಿ ಕಾಣುತ್ತದೆ. ಉರಿಬಿಸಿಲು ಮಾತ್ರ ಆಗದು. ಹಗಲಿನಲ್ಲಿ ಆಳಕ್ಕಿಳಿದು ತಳಕ್ಕೆ ಅಂಟಿಕೊಂಡಂತೆ ಇರುತ್ತದೆ. ಅದನ್ನು ಹಿಡಿಯುವ ಉಪಾಯವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ.

ನನ್ನ ತವರು ಕುಂದಾಪುರದ ಹತ್ತಿರ. ಮೀನು ಹೆಚ್ಚುವುದು, ಹುರಿಯುವುದು, ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡುವುದು, ಇದೆಲ್ಲ ಹುಟ್ಟಿನಿಂದ ಬಂದ ವಿದ್ಯೆ. ಹಿಡಿಯುವುದು ಮಾತ್ರ ಗಂಡಸರ ಕೆಲಸ, ನಮಗೆ ಗೊತ್ತಿಲ್ಲ. ಮೈನಾಟಿನಲ್ಲಿ ನನಗೆ ಗುರುವಾಗಿ ಸಿಕ್ಕವರು ಮಗಳ ಪಕ್ಕದ ಮನೆಯಾಕೆ. ವಯಸ್ಸು ಎಪ್ಪತ್ತನಾಲ್ಕು, ಶಾಲೆಯಲ್ಲಿ ಮೇಡಮ್ಮಾಗಿ ನಿವೃತ್ತರು, ಸ್ವಂತ ದೋಣಿ ಇದೆ, ಅದನ್ನು ಕಾರಿಗೆ ಸಿಕ್ಕಿಸಿಕೊಂಡು ತಾವೇ ಓಡಿಸುತ್ತಾರೆ! 2025ರ ಜುಲೈ ತಿಂಗಳ ಒಂದು ಮುಂಜಾನೆ ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ನೂರು ಕಿಲೋಮೀಟರಿಗೂ ಆಚೆ ಇರುವ ಸಕಾಕವೀಯ ಸರೋವರಕ್ಕೆ ಕರೆದೊಯ್ದರು. ಆಮೇಲೆ ಇನ್ನೂ ಐದಾರು ಸಲ ಹೋದೆವು. ಲೈಸೆನ್ಸ್ ಇಲ್ಲದೆ ಅಲ್ಲಿ ಗಾಳ ಇಳಿಸುವಂತಿಲ್ಲ. ಒಬ್ಬರಿಗೆ ದಿನಕ್ಕೆ 5 ವಾಲ್‌ಐ ಮಾತ್ರ, ಆರನೆಯದು ಸಿಕ್ಕರೆ ನೀರಿಗೇ ಬಿಡಬೇಕು.

ಈಗ ಸಲಕರಣೆಯ ವಿಷಯ. ಮೊದಲನೆಯದು ಬಾಟಮ್ ಬೌನ್ಸರ್. ಹೆಸರಿಗೆ ಹೆದರಬೇಡಿ, ಗೇಣುದ್ದದ ಗಟ್ಟಿ ತಂತಿ ಅಷ್ಟೆ. ತಲೆಗೆ ಸಿಕ್ಕಿಸುವ ಪಿನ್ನನ್ನು ಅಗಲಿಸಿದಂತೆ ಅದನ್ನು ಬಗ್ಗಿಸಿರುತ್ತಾರೆ. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಉದ್ದ ಕಾಲಿಗೆ ಸೀಸದ ಗುಂಡು, ಗುಂಡಿನ ಕೆಳಗೂ ಮೂರು ನಾಲ್ಕು ಬೆರಳು ತಂತಿ ಚಾಚಿರುತ್ತದೆ. ಬಗ್ಗಿದ ಮೂಲೆಗೆ ಕೋಲಿನಿಂದ ಬರುವ ದಾರ. ಗಿಡ್ಡ ಕಾಲಿನ ತುದಿಗೆ ಸ್ಪಿನ್ನರ್ ರಿಗ್. ಈ ಎರಡನೆಯದನ್ನು ನೋಡಿದರೆ ನೀವು ಆಭರಣ ಎಂದೇ ತಿಳಿದೀರಿ. ನಾಲ್ಕೈದು ಅಡಿ ಉದ್ದದ, ಕಣ್ಣಿಗೆ ಕಾಣದಷ್ಟು ತೆಳುವಾದ ದಾರ. ತುದಿಯಲ್ಲಿ ಒಂದರ ಹಿಂದೊಂದು ಎರಡು ಪುಟ್ಟ ಕೊಕ್ಕೆ. ಅದರ ಮುಂದೆ ಕೆಂಪು, ಹಸಿರು, ಕಿತ್ತಳೆ ಮಣಿಗಳು. ಮಣಿಗಳ ಮುಂದೆ ಲೋಲಾಕಿನಂಥ ಒಂದು ತಗಡಿನ ಎಲೆ. ದೋಣಿ ಚಲಿಸಿದಾಗ ಎಲೆ ದಾರದ ಸುತ್ತ ಗಿರ್ರೆಂದು ತಿರುಗಿ ಹೊಳೆಯುತ್ತದೆ, ನೀರಿನಲ್ಲಿ ಸಣ್ಣ ನಡುಕ ಎಬ್ಬಿಸುತ್ತದೆ. ಮೀನಿಗೆ ಹೊಳಪು ಕಣ್ಣಿಗೆ ಕಾಣುತ್ತದೆ, ನಡುಕ ಮೈಗೆ ತಿಳಿಯುತ್ತದೆ. ಹಿಂದೆಯೇ ಕೊಕ್ಕೆಗಳಿಗೆ ನೆಟ್ಟಗೆ ಪೋಣಿಸಿದ ಒಂದು ದಪ್ಪ ಎರೆಹುಳು. ನಮ್ಮ ಗುರುಗಳ ಮನೆಯಲ್ಲಿ ಇಂಥ ರಿಗ್‌ಗಳು ಒಂದು ಡಬ್ಬಿ ತುಂಬ ಇವೆ. ಚಳಿಗಾಲದ ಸಂಜೆಗಳಲ್ಲಿ ಮಣಿ ಪೋಣಿಸಿ ತಾವೇ ಮಾಡಿಕೊಳ್ಳುತ್ತಾರಂತೆ. ಕಸೂತಿ ಬಲ್ಲ ಕೈಗೆ ಅದೇನೂ ಕಷ್ಟವಿಲ್ಲ. ನಾನೂ ಮೂರು ಮಾಡಿದೆ.

ಲೆಕ್ಕ ಸುಲಭ. ಹತ್ತು ಅಡಿ ಆಳಕ್ಕೆ ಒಂದು ಔನ್ಸ್ ಸೀಸ. ಇಪ್ಪತ್ತು ಅಡಿ ಇದ್ದರೆ ಎರಡು ಔನ್ಸ್. ದೋಣಿಯ ವೇಗ ಗಂಟೆಗೆ ಒಂದು ಮೈಲಿ ಆಸುಪಾಸು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವ ನಡಿಗೆಗಿಂತ ತುಸು ಕಮ್ಮಿಯೇ. ದಾರ ದೋಣಿಯ ಹಿಂದಕ್ಕೆ ಓರೆಯಾಗಿ, ಅರ್ಧ ಮಲಗಿದ ಏಣಿಯಂತೆ ಇರಬೇಕು. ಬಹಳ ದಾರ ಬಿಟ್ಟರೆ ತಂತಿ ತಳದಲ್ಲಿ ಅಡ್ಡಬಿದ್ದು ಕಸ ಬಳಿದುಕೊಂಡು ಬರುತ್ತದೆ. ಕಮ್ಮಿ ಬಿಟ್ಟರೆ ಮೀನಿನ ತಲೆಯ ಮೇಲೆ ಹಾರಿಹೋಗುತ್ತದೆ. ತಂತಿಯ ತುದಿ ತಳವನ್ನು ಆಗೊಮ್ಮೆ ಈಗೊಮ್ಮೆ ಟಕ್ ಟಕ್ ಎಂದು ಮುಟ್ಟಿ ಏಳುತ್ತಿರಬೇಕು. ಕಲ್ಲು ಅಡ್ಡ ಬಂದರೆ ತಂತಿ ಬಾಗಿ ದಾಟುತ್ತದೆ, ಹಿಂದೆ ಬರುವ ಕೊಕ್ಕೆ ಸಿಕ್ಕಿಕೊಳ್ಳದೆ ಒಂದಡಿ ಮೇಲೆ ತೇಲಿಬರುತ್ತದೆ. ಬೇಸಿಗೆಯಲ್ಲಿ ವಾಲ್‌ಐ ಒಂದೇ ಕಡೆ ಗುಂಪು ಕಟ್ಟದೆ ಚದುರಿರುವುದರಿಂದ ಹೀಗೆ ನಿಧಾನವಾಗಿ ಹುಡುಕುತ್ತ ಸಾಗುವುದೇ ಸರಿ ಎನ್ನುತ್ತಾರೆ.

ಕಲಿಯಬೇಕಾದ್ದು ಇರುವುದು ಕೈಯಲ್ಲಿ. ಪಾಯಸ ಕುದಿಯುವಾಗ ತಳ ಹಿಡಿಯುತ್ತಿದೆಯೇ ಎಂದು ಸೌಟು ಆಡಿಸಿ ನೋಡುತ್ತೀರಲ್ಲ, ಕಣ್ಣಿಗೆ ಕಾಣದ ತಳ ಸೌಟಿನ ಹಿಡಿಯಲ್ಲೇ ನಮಗೆ ಗೊತ್ತಾಗುತ್ತದಲ್ಲ, ಅದೇ ಇದು. ಕೆಸರಾದರೆ ಮೆತ್ತಗೆ, ಸದ್ದಿಲ್ಲ. ಮರಳಾದರೆ ನಯವಾದ ಗೀರು. ಜಲ್ಲಿಕಲ್ಲಾದರೆ ಹಲ್ಲು ಕಡಿದಂತೆ ಕಟಕಟ. ಹಳೆಯ ಮರದ ಬೊಡ್ಡೆಯಾದರೆ ಒಂದು ಜಗ್ಗು, ಆಮೇಲೆ ಬಿಡುಗಡೆ. ಎರಡನೆಯ ದಿನದ ಹೊತ್ತಿಗೆ ನಾನು ನೋಡದೆಯೇ "ಇಲ್ಲಿ ಕಲ್ಲು, ಇಲ್ಲಿ ಮರಳು" ಎನ್ನತೊಡಗಿದೆ. ಅಡಿಗೆಮನೆಯಲ್ಲಿ ಮೂವತ್ತೈದು ವರ್ಷ ಕಳೆದ ಕೈ ಸ್ವಾಮೀ, ಇಷ್ಟೂ ತಿಳಿಯದೆ ಇರುತ್ತದೆಯೆ?

ವ್ಯಾನ್ ಹುಕ್ ಎಂಬ ಕೊಲ್ಲಿಯಲ್ಲಿ ಸಾಗುತ್ತಿದ್ದಾಗ ಒಮ್ಮೆ ತಂತಿ ಬಹಳ ಹೊತ್ತು ಒಂದೇ ಸಮನೆ ಗಟ್ಟಿ ನೆಲದ ಮೇಲೆ ಟಕಟಕ ಎಂದಿತು. "ಇದೇನು, ರಸ್ತೆಯ ಹಾಗಿದೆಯಲ್ಲ?" ಎಂದು ಮಗಳ ಬಾಯಲ್ಲಿ ಕೇಳಿಸಿದೆ. ಗುರುಗಳು ನಗಲಿಲ್ಲ. "ಇದ್ದರೂ ಇರಬಹುದು. ಈ ಕೊಲ್ಲಿಗೆ ಹೆಸರು ಕೊಟ್ಟ ಊರೇ ನೀರಿನಡಿ ಹೋಯಿತು" ಎಂದರು.

ಸಕಾಕವೀಯ ದೇವರು ಕೊಟ್ಟ ಸರೋವರವಲ್ಲ. ಮಿಸೌರಿ ನದಿಗೆ ಗ್ಯಾರಿಸನ್ ಅಣೆಕಟ್ಟು ಕಟ್ಟಿದ್ದರಿಂದ ಆದದ್ದು. 1947ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನದಿ ನಿಂತಿತು. ಮಣ್ಣಿನ ಕಟ್ಟೆಯೇ ಮೂರು ಕಿಲೋಮೀಟರಿಗೂ ಉದ್ದ. ನೀರು ಸುಮಾರು 285 ಕಿಲೋಮೀಟರ್ ಹಿಂದಕ್ಕೆ ಚಾಚಿದೆ. ಅಷ್ಟೂ ಉದ್ದದ ಕಣಿವೆಯಲ್ಲಿ ಮಂಡನ್, ಹಿದಾತ್ಸ, ಅರಿಕಾರ ಎಂಬ ಮೂರು ಜನಾಂಗದವರ ಊರುಗಳಿದ್ದವು. ಅವರ ಪಾಲಿನ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ನೆಲ, ಅದರಲ್ಲೂ ನದಿದಂಡೆಯ ಫಲವತ್ತಾದ ಭಾಗ, ಹೋಯಿತು. ಎಲ್ಬೋವುಡ್ಸ್ ಎಂಬ ಊರಿನಲ್ಲಿ ಅವರ ಕಚೇರಿ, ಶಾಲೆ, ಆಸ್ಪತ್ರೆ ಎಲ್ಲ ಇತ್ತು, ಅದೂ ಹೋಯಿತು. ಗಾಳಿ ಬೀಸುವ ಎತ್ತರದ ಬಯಲಿನಲ್ಲಿ ಹೊಸ ಊರು ಕಟ್ಟಿ ಅದಕ್ಕೆ ನ್ಯೂ ಟೌನ್ ಎಂದೇ ಹೆಸರಿಟ್ಟರು. ಹೆಸರಿಡಲೂ ಮನಸ್ಸಾಗಲಿಲ್ಲವೇನೋ ಅನಿಸಿತು ನನಗೆ. 1948ರಲ್ಲಿ ವಾಷಿಂಗ್‌ಟನ್ನಿನಲ್ಲಿ ಒಪ್ಪಂದಕ್ಕೆ ರುಜು ಬೀಳುವಾಗ ತೆಗೆದ ಒಂದು ಫೋಟೋ ಇದೆ. ಸೂಟು ತೊಟ್ಟ ಅಧಿಕಾರಿಗಳ ನಡುವೆ ಬುಡಕಟ್ಟಿನ ಮುಖ್ಯಸ್ಥ ಜಾರ್ಜ್ ಜಿಲೆಟ್ ಮುಖಕ್ಕೆ ಕೈ ಹಿಡಿದು ಅಳುತ್ತಿದ್ದಾರೆ. ಅದನ್ನು ನೋಡಿದ ಮೇಲೆ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹೆಚ್ಚಿನ ಪರಿಹಾರವೆಂದು 149 ಮಿಲಿಯನ್ ಡಾಲರು ಮಂಜೂರಾದದ್ದು 1992ರಲ್ಲಿ. ಮುಳುಗಿದ ಆಸ್ಪತ್ರೆಯ ಬದಲಿಗೆ ಎಲ್ಬೋವುಡ್ಸ್ ಹೆಸರಿನ ಹೊಸ ಆಸ್ಪತ್ರೆ ಬಾಗಿಲು ತೆರೆದದ್ದು 2011ರಲ್ಲಿ. ಮಧ್ಯದಲ್ಲಿ ಎಷ್ಟು ಹೆರಿಗೆಗಳಾಗಿರಬೇಕು, ಎಷ್ಟು ಮಕ್ಕಳಿಗೆ ಜ್ವರ ಬಂದಿರಬೇಕು, ನೀವೇ ಲೆಕ್ಕ ಹಾಕಿ.

ಸರೋವರಕ್ಕೆ ಇಟ್ಟಿರುವುದು ಹೆಂಗಸಿನ ಹೆಸರು. ಸಕಾಕವೀಯ ಎಂದರೆ ಹಿದಾತ್ಸ ಮಾತಿನಲ್ಲಿ ಹಕ್ಕಿ-ಹೆಣ್ಣು. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡದೊಡನೆ, ಎರಡು ತಿಂಗಳ ಹಸುಗೂಸನ್ನು ಕಟ್ಟಿಕೊಂಡು ಪಶ್ಚಿಮದ ಸಮುದ್ರದವರೆಗೆ ಹೋಗಿ ಬಂದವಳು. ದಾರಿಯಲ್ಲಿ ದೋಣಿ ಮಗುಚುವ ಹಾಗಾದಾಗ ಗಾಬರಿಯಾಗದೆ ತೇಲಿಹೋಗುತ್ತಿದ್ದ ಸಾಮಾನುಗಳನ್ನು ಆರಿಸಿಕೊಂಡವಳು ಅವಳೇ. ಬಿಸ್ಮಾರ್ಕ್ ನಗರದಲ್ಲಿ ಬೆನ್ನ ಮೇಲೆ ಕೂಸು ಹೊತ್ತ ಅವಳ ಪ್ರತಿಮೆಯಿದೆ, 1910ರದು. ಒಳ್ಳೆಯದೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಬ್ಬಾಕೆ. ಬಫೆಲೊ ಬರ್ಡ್ ವುಮನ್ ಎಂದು ಕರೆಯುವ ಹಿದಾತ್ಸ ಮುದುಕಿ. ಅವಳು ಹೇಳಿದ ಬೇಸಾಯದ ವಿವರಗಳನ್ನು ಗಿಲ್ಬರ್ಟ್ ವಿಲ್ಸನ್ ಬರೆದುಕೊಂಡು 1917ರಲ್ಲಿ ಪುಸ್ತಕವಾಗಿ ತಂದರು. ಆ ಜನರಲ್ಲಿ ಹೊಲ ಹೆಂಗಸರದು. ಕಾಡೆಮ್ಮೆಯ ಹೆಗಲ ಮೂಳೆಯಿಂದ ಮಾಡಿದ ಗುದ್ದಲಿ ಹಿಡಿದು ನದಿದಂಡೆಯಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳ, ಸೂರ್ಯಕಾಂತಿ ಬೆಳೆಯುತ್ತಿದ್ದರು. ತೆನೆ ಬಲಿಯುವಾಗ ಹಕ್ಕಿ ಓಡಿಸಲು ಅಟ್ಟಣೆ ಕಟ್ಟಿ ಕೂತು, ಮಗುವಿಗೆ ಜೋಗುಳ ಹಾಡುವಂತೆ ಪೈರಿಗೆ ಹಾಡುತ್ತಿದ್ದರಂತೆ. ನಮ್ಮ ಕಡೆ ಗದ್ದೆ ಮಾಳದಲ್ಲಿ ಕೂತು ಡಬ್ಬಿ ಬಡಿಯುತ್ತಿದ್ದ ಹುಡುಗಿಯರು ನೆನಪಾದರು. ಅಂಥ ದಂಡೆಯ ಹೊಲಗಳೇ ನೀರಿನಡಿ ಹೋದದ್ದು. ಅದರ ಮೇಲೆ ನನ್ನ ಎರಡು ಔನ್ಸಿನ ಸೀಸ ಟಕ್ ಟಕ್ ಎಂದು ನಡೆಯುತ್ತಿತ್ತು.

ನನ್ನ ಗಂಡನ ಮನೆ ಸಾಗರ. ಅತ್ತೆಯವರು ಹುಟ್ಟಿದ ಊರು ಶರಾವತಿ ಕಣಿವೆಯದು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅವರು ಆ ಊರಿನ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ನೀರಿಳಿದು ಮಡೇನೂರಿನ ಹಳೆಯ ಅಣೆಕಟ್ಟು ತಲೆಯೆತ್ತಿದಾಗ ಊರವರೆಲ್ಲ ನೋಡಲು ಹೊರಟರೆ, "ನಾ ಒಲ್ಲೆ, ನೀವು ಹೋಗಿ ಬನ್ನಿ" ಎಂದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಹೀಗೇಕೆ ಎಂದು ಸೊಸೆಯಾದ ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಈ ಮಾತನ್ನು ಗುರುಗಳಿಗೆ ಹೇಳಿದೆ. ಅವರ ಜೊತೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಎಲ್ಬೋವುಡ್ಸ್ ಮೂಲದ ಗೆಳತಿಯೊಬ್ಬರು ಇದ್ದರಂತೆ. ಎಷ್ಟು ಕರೆದರೂ ಆಕೆ ಈ ಸರೋವರದಲ್ಲಿ ದೋಣಿ ಹತ್ತಲಿಲ್ಲವಂತೆ. ದಂಡೆಯ ಮೇಲೆ ಕೂತು ಕಾಫಿ ಕುಡಿದು, ಇವರು ಹಿಡಿದು ತಂದ ಮೀನನ್ನು ಮಾತ್ರ ಸಂತೋಷದಿಂದ ಒಯ್ಯುತ್ತಿದ್ದರಂತೆ. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಲ್ಬೋವುಡ್ಸಿನಲ್ಲಿ 1934ರಲ್ಲಿ ಕಟ್ಟಿದ್ದ ಉಕ್ಕಿನ ಸೇತುವೆಯನ್ನು ಮುಳುಗುವ ಮುನ್ನ ಬಿಚ್ಚಿ ತಂದು 1955ರಲ್ಲಿ ನ್ಯೂ ಟೌನಿನ ಬಳಿ ಜೋಡಿಸಿದ್ದರು. 2005ರಲ್ಲಿ ಅದರ ಜಾಗಕ್ಕೆ ಹೊಸ ಸೇತುವೆ ಬಂತು. ನಾನು ಅದನ್ನು ದಾಟಿದ ತಿಂಗಳಲ್ಲೇ ಇತ್ತ ನಮ್ಮ ಸಿಗಂದೂರಿನ ಸೇತುವೆಯೂ ಶುರುವಾದ ಸುದ್ದಿ ಬಂತು. ಅರುವತ್ತು ವರ್ಷ ಲಾಂಚಿಗೆ ಕಾದ ಜನ! ಯಜಮಾನರು ಫೋನಿನಲ್ಲಿ ಸೇತುವೆ ತೋರಿಸಿದರು. ಅತ್ತೆಯವರು ಈಗಿಲ್ಲ.

ಇರಲಿ, ಮೀನು ಕಚ್ಚಿದ್ದನ್ನು ಹೇಳದೆ ಬಿಟ್ಟರೆ ನಿಮಗೆ ಸಮಾಧಾನವಾಗದು. ವಾಲ್‌ಐ ಬೇರೆ ಮೀನಿನಂತೆ ಪಟ್ಟನೆ ಎಳೆಯುವುದು ಕಮ್ಮಿ. ಟಕ್ ಟಕ್ ನಿಂತು, ಯಾರೋ ಒದ್ದೆ ಸೀರೆಯ ಅಂಚು ಹಿಡಿದಂತೆ ಭಾರವಾಗುತ್ತದೆ. ಆಗ ಜಗ್ಗಬಾರದು, ಎಂದಿದ್ದರು ಗುರುಗಳು. ಕೋಲನ್ನು ಮೆಲ್ಲಗೆ ಮೀನಿನ ಕಡೆಗೇ ಹಿಂದಕ್ಕೆ ಬಿಟ್ಟುಕೊಡಬೇಕು. ಕೋಲು ಚೆನ್ನಾಗಿ ಬಾಗಿದ ಮೇಲೆ ಉದ್ದಕ್ಕೆ, ನಯವಾಗಿ ಮುಂದಕ್ಕೆ ಎಳೆಯಬೇಕು. ಹಾಗೇ ಮಾಡಿದೆ. ರಾಟೆ ಸುತ್ತುತ್ತ ಸುತ್ತುತ್ತ ಕೈ ಸೋತಿತು. ಚಿನ್ನದ ಬೆನ್ನು ನೀರಿನ ಮೇಲೆ ಹೊರಳಿದಾಗ ಮಗಳು ಬಲೆ ಹಿಡಿದಳು. ಹದಿನೇಳು ಅಂಗುಲ! ಕಿವಿರಿನ ಮುಚ್ಚಳ, ಬೆನ್ನಿನ ಮುಳ್ಳು ಎರಡೂ ಬ್ಲೇಡಿನಷ್ಟು ಚೂಪು. ಬಟ್ಟೆ ಹಿಡಿದು ಮುಟ್ಟಬೇಕು. ಇನ್ನೂ ದೊಡ್ಡದು ಸಿಗಬೇಕಿತ್ತು ಎಂದು ಆಸೆಪಡಬೇಡಿ. ದೊಡ್ಡ ಮೀನಿನಲ್ಲಿ ಪಾದರಸದ ಅಂಶ ಹೆಚ್ಚು. ಬಸುರಿಯರೂ ಮಕ್ಕಳೂ ಸಣ್ಣದನ್ನೇ, ಅದೂ ಮಿತವಾಗಿ ತಿನ್ನಬೇಕೆಂದು ಅಲ್ಲಿಯ ವೈದ್ಯರು ಹೇಳುತ್ತಾರೆ.

ಗುರುಗಳು ಮೀನಿನ ಎರಡು ಮಗ್ಗುಲನ್ನೂ ಹಾಳೆಯಂತೆ ಸೀಳಿ ತೆಗೆದುಕೊಟ್ಟರು. ಬೆಳ್ಳಗೆ, ಮುಳ್ಳಿಲ್ಲದೆ, ನಮ್ಮ ಕಾಣೆ ಮೀನಿನ ನೆಂಟನಂತಿದೆ. ಅವರು ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿಯುತ್ತಾರೆ. ನಾನು ಮನೆಯಿಂದ ಒಯ್ದಿದ್ದ ಬ್ಯಾಡಗಿ ಮೆಣಸಿನ ಪುಡಿ, ಅರಿಸಿನ, ಉಪ್ಪು, ಹುಣಸೆ ರಸ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಸವರಿ ಅರ್ಧ ಗಂಟೆ ಇಟ್ಟೆ. ಮೂರು ಪಾಲು ಸಣ್ಣ ರವೆಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿ ಅದರಲ್ಲಿ ಒತ್ತಿ, ಕಾದ ಕಾವಲಿಯ ಮೇಲೆ ತೆಂಗಿನೆಣ್ಣೆ ಬಿಟ್ಟು ಒಂದೊಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ. ಈ ಮೀನು ಬೇಗ ಬೇಯುತ್ತದೆ. ಮತ್ತೆ ಮತ್ತೆ ಮಗುಚಿದರೆ ಪುಡಿಯಾಗುತ್ತದೆ. ಜೊತೆಗೆ ಪಲ್ಯಕ್ಕೆ ಏನಿದೆ ಎಂದು ನೋಡಿದರೆ ಮಗಳ ಡಬ್ಬಿಯಲ್ಲಿ ಗ್ರೇಟ್ ನಾರ್ದರ್ನ್ ಎಂಬ ಬಿಳಿ ಬೀನ್ಸ್ ಬೀಜ. ನೆನೆಸಿ ಬೇಯಿಸಿ, ಸಾಸಿವೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದೆ. ಊಟಕ್ಕೆ ಬಂದ ಗುರುಗಳು ಒಂದು ಚಮಚ ಬಾಯಿಗಿಟ್ಟು ಹೇಳಿದರು: ಅಮೆರಿಕದ ಅಂಗಡಿಗಳಲ್ಲೆಲ್ಲ ಸಿಗುವ ಈ ಬೀಜ ಮೂಲತಃ ಆ ಕಣಿವೆಯದು, ಹಿದಾತ್ಸ ಜನಾಂಗದ ಸನ್ ಆಫ್ ಸ್ಟಾರ್ ಎಂಬಾತ ಬಿಸ್ಮಾರ್ಕಿನ ಬೀಜದ ವ್ಯಾಪಾರಿ ಆಸ್ಕರ್ ವಿಲ್‌ಗೆ ಕೊಟ್ಟದ್ದು. ಆಮೇಲೆ ತಟ್ಟೆ ಮುಂದೆ ಮಾಡಿ, "ಇನ್ನೊಂದು ಸ್ವಲ್ಪ ಬಡಿಸಿ" ಎಂದರು.